ಬಡವರ ಮಗು: ಪಾತ್ರವೋ, ನಿಮಿತ್ತವೋ?

ನಮ್ಮ ಸಾಹಿತ್ಯದಲ್ಲಿ ಮಕ್ಕಳಿಗೆ ಬರವಿಲ್ಲ. ತೊಟ್ಟಿಲ ಹಾಡಿನಿಂದ ತೊಡಗಿ ಶಾಲಾ ವಾರ್ಷಿಕೋತ್ಸವದ ಸ್ವಾಗತಗೀತೆಯವರೆಗೆ ಮಗುವನ್ನು ಕುರಿತ ಪದ್ಯಗಳು ಲೆಕ್ಕವಿಲ್ಲದಷ್ಟು ದೊರೆಯುತ್ತವೆ. ಆಗಸ್ಟ್ 15 ಸಮೀಪಿಸಿತೆಂದರೆ ಅವುಗಳ ಬೆಳೆ ಇನ್ನಷ್ಟು ಹುಲುಸಾಗುತ್ತದೆ. ಗಡಿನಾಡಿನ ಶಿಕ್ಷಕರಾದ ನಮ್ಮಲ್ಲಿ ಅಂತಹ ನಾಲ್ಕು ಸಾಲುಗಳನ್ನು ಹೊಸೆಯದವರು ವಿರಳ. ಆ ಪದ್ಯಗಳಲ್ಲಿ ಬರುವ ಮಗು ಒಗೆದ ಅಂಗಿ ತೊಟ್ಟಿರುತ್ತದೆ, ಕೈಯಲ್ಲಿ ಬಾವುಟ ಹಿಡಿದಿರುತ್ತದೆ, ನಾಳಿನ ನಾಡನ್ನು ತಾನು ಕಟ್ಟುವೆನೆಂದು ಮಾತು ಕೊಡುತ್ತದೆ. ಅದಕ್ಕೆ ಹಸಿವೆಯಾಗುವುದಿಲ್ಲ. ಹಸಿವೆಯಾಗುವ ಮಗು ಬೇರೆಯೇ ಒಂದು ಬಗೆಯ ಬರವಣಿಗೆಗೆ ಸೇರಿದ್ದು. ಅದು ಬರುವುದು ಕತೆ ಕಾದಂಬರಿಗಳಲ್ಲಿ, ಅಲ್ಲಿಯೂ ಬಹುಮಟ್ಟಿಗೆ ಸಾಯುವುದಕ್ಕಾಗಿ.

ಈ ಎರಡು ಮಕ್ಕಳು ಒಂದೇ ಪುಟದಲ್ಲಿ ಎದುರಾಗುವುದು ಏಕೆ ಇಷ್ಟು ಅಪರೂಪ ಎಂಬುದೇ ಈ ಲೇಖನದ ವಿಚಾರ. ದೇಶ ಸ್ವತಂತ್ರವಾಗಿ ಮುಕ್ಕಾಲು ಶತಮಾನ ಕಳೆದಿದೆ. ರಾಜ್ಯಾಂಗದ 45ನೆಯ ವಿಧಿಯು ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣವನ್ನು ಹತ್ತು ವರ್ಷಗಳೊಳಗೆ, ಎಂದರೆ 1960ರೊಳಗೆ, ಒದಗಿಸಲು ಯತ್ನಿಸಬೇಕೆಂದು ವಿಧಿಸಿತ್ತು. ಅದು ಹಕ್ಕಾಗಿ ಜಾರಿಗೆ ಬರಲು 2010ರ ಏಪ್ರಿಲ್ 1 ಬರಬೇಕಾಯಿತು. 1971ರ ಜನಗಣತಿಯಲ್ಲಿ ದುಡಿಯುವ ಮಕ್ಕಳ ಸಂಖ್ಯೆ ಸುಮಾರು 1 ಕೋಟಿ 7 ಲಕ್ಷ. 2011ರಲ್ಲಿ ಸುಮಾರು 1 ಕೋಟಿ 1 ಲಕ್ಷ. ಜನಸಂಖ್ಯೆ ಇಮ್ಮಡಿಗೂ ಮಿಕ್ಕು ಬೆಳೆದುದನ್ನು ಗಮನಿಸಿದರೆ ಪ್ರಮಾಣದಲ್ಲಿ ಇಳಿಕೆಯಾಗಿದೆ ಎಂದು ಸಮಾಧಾನಪಡಬಹುದು. ಆದರೆ ಪ್ರಮಾಣವೆಂಬುದು ಅರ್ಥಶಾಸ್ತ್ರಜ್ಞರ ಸೊತ್ತು. ಸಾಹಿತಿಯ ಪಾಲಿಗೆ ಪ್ರತಿಯೊಂದು ಮಗುವೂ ಒಂದೊಂದೇ.

ಬಡವರ ಮಗುವನ್ನು ಲೇಖಕನು ಎರಡು ರೀತಿಯಲ್ಲಿ ತರಬಲ್ಲನು. ಒಂದು, ನಿಮಿತ್ತವಾಗಿ: ತಂದೆಯ ದುಃಖವನ್ನು ಹೆಚ್ಚಿಸಲು, ಧಣಿಯ ಕ್ರೌರ್ಯವನ್ನು ತೋರಿಸಲು, ಸಮಾಜವನ್ನು ಖಂಡಿಸಲು ಮಗು ಬೇಕಾಗುತ್ತದೆ, ಕೆಲಸ ಮುಗಿದೊಡನೆ ಅದನ್ನು ಕಳುಹಿಸಿಬಿಡಲಾಗುತ್ತದೆ. ಇನ್ನೊಂದು, ಪಾತ್ರವಾಗಿ: ಮಗುವಿಗೆ ತನ್ನದೇ ಬಯಕೆಯಿರುತ್ತದೆ, ತನ್ನದೇ ತುಂಟತನವಿರುತ್ತದೆ, ಅದು ಸುಳ್ಳು ಹೇಳುತ್ತದೆ, ಜಗಳಾಡುತ್ತದೆ, ತನ್ನ ಬಡತನವನ್ನು ತಾನೇ ಅರ್ಥಮಾಡಿಕೊಳ್ಳುತ್ತದೆ. ಇವೆರಡರ ಅಂತರ ಕೇವಲ ಕಲೆಗಾರಿಕೆಯದಲ್ಲ. ನಿಮಿತ್ತವಾಗಿ ಬಂದ ಮಗುವನ್ನು ಕಂಡು ನಾವು ಮರುಗುತ್ತೇವೆ. ಪಾತ್ರವಾಗಿ ಬಂದ ಮಗು ನಮ್ಮನ್ನು ತಿರುಗಿ ನೋಡುತ್ತದೆ.

ಈ ಅಳತೆಯನ್ನು ಹಿಡಿದು ಹೊರಟರೆ ಮೊದಲು ಎದುರಾಗುವ ಅಚ್ಚರಿ ಲಿಖಿತ ಸಾಹಿತ್ಯದಲ್ಲಿಲ್ಲ, ಪಾಡ್ದನದಲ್ಲಿದೆ. ಪೈವಳಿಕೆ, ಬಾಯಾರುಗಳ ಆಸುಪಾಸಿನಲ್ಲಿ ಕೊರಗ ತನಿಯನ ಕತೆಯನ್ನು ತಿಳಿಯದ ಮನೆಯಿಲ್ಲ. ಪಾಠಭೇದಗಳು ಹಲವಿದ್ದರೂ ಕತೆಯ ತಿರುಳು ಒಂದೇ: ತನ್ನವರನ್ನೆಲ್ಲ ಕಳೆದುಕೊಂಡ ಹುಡುಗನೊಬ್ಬ ದಾರಿಯ ಬದಿಯಲ್ಲಿ ಒಂಟಿಯಾಗಿ ನಿಂತಿದ್ದಾನೆ, ಕಳ್ಳು ಮಾರುವ ಮೈರಕ್ಕೆ ಬೈದ್ಯೆದಿ ಅವನನ್ನು ಕಂಡು ಕರೆಯುತ್ತಾಳೆ, ಮೈಮೇಲೆ ಬಟ್ಟೆಯಿಲ್ಲದ್ದರಿಂದ ಅವನು ಪೊದೆಯ ಮರೆಯಿಂದ ಹೊರಬರಲೊಲ್ಲ, ಅವಳು ಬಟ್ಟೆ ಕೊಟ್ಟ ಮೇಲೆ ಬರುತ್ತಾನೆ. ಇಲ್ಲಿ ಗಮನಿಸಬೇಕಾದುದು ಆ ನಾಚಿಕೆ. ಪಾಡ್ದನ ಕಟ್ಟಿದವರು ಹುಡುಗನಿಗೆ ಹಸಿವೆಯಾಗಿದೆ ಎಂಬಲ್ಲಿಗೆ ನಿಲ್ಲಲಿಲ್ಲ. ಹಸಿದವನಿಗೂ ಮಾನವಿದೆ, ಅನ್ನಕ್ಕೆ ಮೊದಲು ಅವನು ಬಟ್ಟೆ ಕೇಳುತ್ತಾನೆ ಎಂಬುದನ್ನು ಕಂಡರು. ಮುಂದೆ ಏಳು ಮಂದಿಯ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನದ ಬಳಿಗೆ ಬಂದಾಗ ಅವನನ್ನು ಹೊರಗೇ ನಿಲ್ಲಿಸುತ್ತಾರೆ. ತಾನು ಹೊತ್ತು ತಂದುದು ಒಳಗೆ ಸಲ್ಲುವುದಾದರೆ ತಾನೇಕೆ ಸಲ್ಲಬಾರದು ಎಂಬ ಅವನ ತರ್ಕಕ್ಕೆ ಅಂದು ಉತ್ತರವಿರಲಿಲ್ಲ. ಮಾದಳದ ಹಣ್ಣಿಗೆ ಕೈಚಾಚಿದವನು ಮಾಯವಾಗಿ ದೈವವಾಗುತ್ತಾನೆ.

ದಿಕ್ಕಿಲ್ಲದ ಹುಡುಗನೊಬ್ಬ ಪ್ರಶ್ನೆ ಕೇಳಿದ ಮೇಲೆ ಅವನನ್ನು ಮನುಷ್ಯನಾಗಿ ಉಳಿಸಿಕೊಳ್ಳಲು ಊರಿಗೆ ಆಗಲಿಲ್ಲ ಎಂದೂ ಈ ಕತೆಯನ್ನು ಓದಬಹುದು. ಇಂದು ಕೊರಗಜ್ಜನ ಕಟ್ಟೆಗಳು ಹೆದ್ದಾರಿಯ ಬದಿಯಲ್ಲೂ ಎದ್ದು ನಿಂತಿವೆ; ಚಕ್ಕುಲಿ, ಕಳ್ಳು, ವೀಳ್ಯಗಳ ಹರಕೆಗೆ ಕೊರತೆಯಿಲ್ಲ. ಆ ಭಕ್ತಿಯಲ್ಲಿ ಹುಡುಗ ಮರೆಯಾಗಿ ಅಜ್ಜ ಮಾತ್ರ ಉಳಿದಿದ್ದಾನೆ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ಮೇಷ್ಟರಾಗಿದ್ದುಕೊಂಡೇ ತಮ್ಮ ಒಂದು ಕವನಸಂಕಲನಕ್ಕೆ ‘ಕೊರಗ’ನ ಹೆಸರಿಟ್ಟದ್ದು ಈ ಮರೆವನ್ನು ಬಲ್ಲ ಕವಿಯ ಕೆಲಸ.

ಪಾಡ್ದನವನ್ನು ಬಿಟ್ಟು ಅಚ್ಚಿನ ಸಾಹಿತ್ಯಕ್ಕೆ ಬರೋಣ. ಪಂಜೆ ಮಂಗೇಶರಾಯರು ದಕ್ಷಿಣ ಕನ್ನಡದ ಮಕ್ಕಳಿಗೆ ಕನ್ನಡವನ್ನು ರುಚಿಯಾಗಿಸಿದವರು. ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಯಾಗಿ ಊರೂರು ಸುತ್ತಿದವರು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಹುಟ್ಟುಹಾಕಿದವರು. ಅವರ ಋಣ ನಮ್ಮ ಮೇಲೆ ಇರುವುದರಿಂದಲೇ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬಹುದು. ಆ ಕಾಲದ ಬಾಲಸಾಹಿತ್ಯ ಶಾಲೆಯ ಬಾಗಿಲೊಳಗೆ ಬಂದ ಮಗುವಿಗಾಗಿ ಹುಟ್ಟಿದ್ದು. ಬಾಗಿಲ ಹೊರಗೆ ನಿಂತ ಮಗುವಿಗೆ ಓದಲು ಬಾರದಾದುದರಿಂದ ಅದು ಓದುಗನಾಗಲಿಲ್ಲ. ಓದುಗನಾಗದ್ದರಿಂದ ಪದ್ಯದೊಳಗೂ ಬರಲಿಲ್ಲ. ಇದು ಪಂಜೆಯವರ ದೋಷವಲ್ಲ, ಕಾಲದ ಮಿತಿ.

ಈ ಮಿತಿ ಎಷ್ಟು ಗಟ್ಟಿಯಾದುದೆಂದು ತಿಳಿಯಬೇಕಾದರೆ ಶಿವರಾಮ ಕಾರಂತರನ್ನು ನೋಡಬೇಕು. ಅವರ ‘ಚೋಮನ ದುಡಿ’ 1933ರಲ್ಲಿ ಹೊರಬಂತು; ಮೂರು ಸಂಪುಟಗಳ ‘ಬಾಲಪ್ರಪಂಚ’ 1936ರಲ್ಲಿ. ಒಬ್ಬರೇ ಲೇಖಕರು, ಒಂದೇ ಪುತ್ತೂರಿನ ಮಣ್ಣು, ನಡುವೆ ಮೂರೇ ವರ್ಷ. ಸೂರ್ಯಚಂದ್ರರಿಂದ ಹಿಡಿದು ಯಂತ್ರಗಳವರೆಗೆ ಸಕಲವನ್ನೂ ಮಕ್ಕಳ ಮುಂದೆ ಹರಡಬೇಕೆಂಬ ಉತ್ಸಾಹ ಒಂದು ಪುಸ್ತಕದಲ್ಲಿ; ಆ ಪುಸ್ತಕವನ್ನು ಮುಟ್ಟಲೂ ಭಾಗ್ಯವಿಲ್ಲದ ಮಕ್ಕಳು ಇನ್ನೊಂದರಲ್ಲಿ. ಇವೆರಡನ್ನೂ ಜೊತೆಗಿಟ್ಟು ಓದಿದವರು ಕಡಮೆ. ಕಾರಂತರ ವಿಮರ್ಶಕರು ಕಾದಂಬರಿಯನ್ನು ಒಂದು ಕಪಾಟಿನಲ್ಲಿ, ವಿಶ್ವಕೋಶವನ್ನು ಇನ್ನೊಂದು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದಾರೆ.

‘ಚೋಮನ ದುಡಿ’ಯನ್ನು ನಾವು ಚೋಮನ ಕತೆಯಾಗಿಯೇ ಓದುತ್ತ ಬಂದಿದ್ದೇವೆ. ಬೇಸಾಯಗಾರನಾಗಬೇಕೆಂಬ ಅವನ ಹಂಬಲ, ಕಟ್ಟಿಕೊಂಡರೂ ಉಳಲಾಗದ ಎತ್ತುಗಳು, ರಾತ್ರಿಯ ದುಡಿಯ ಬಡಿತ, ಇವು ನಮ್ಮ ಮನಸ್ಸಿನಲ್ಲಿ ನಿಂತಿವೆ. ಮಕ್ಕಳ ಕಡೆಯಿಂದ ಅದನ್ನು ಓದಿನೋಡಬೇಕು. ಸಾಲ ತಂದೆಯದು, ಅದನ್ನು ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುವವರು ಚನಿಯ, ಗುರುವರು. ಒಬ್ಬ ಕಾಯಿಲೆಗೆ ಸಲ್ಲುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯ ಕೈಹಿಡಿದು ಮನೆಯಿಂದ ಹೊರತಾಗುತ್ತಾನೆ. ಬಳಿಕ ಅದೇ ಸಾಲಕ್ಕೆ ಬೆಳ್ಳಿ ಹೋಗಬೇಕಾಗುತ್ತದೆ; ಅಲ್ಲಿ ಅವಳು ತೆರುವ ಬೆಲೆ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಒಬ್ಬ ಚಿಕ್ಕ ಮಗ ಹೊಳೆಯಲ್ಲಿ ಮುಳುಗುತ್ತಿರುವಾಗ ದಡದಲ್ಲಿ ಜನರಿದ್ದಾರೆ. ಹೊಲೆಯರ ಹುಡುಗನನ್ನು ಮುಟ್ಟಿ ಎತ್ತುವವರಿಲ್ಲ. ಈ ಕಾದಂಬರಿಯಲ್ಲಿ ಸಾಲ ಮಾಡಿದವನು ಕೊನೆಯಲ್ಲಿ ಸಾಯುತ್ತಾನೆ, ತೀರಿಸಿದವರು ಮೊದಲೇ ಮುಗಿದಿರುತ್ತಾರೆ.

ಇಲ್ಲೊಂದು ಕಾಕತಾಳೀಯವಿದೆ. ಕಾದಂಬರಿ ಪ್ರಕಟವಾದ 1933ರಲ್ಲಿಯೇ ಬ್ರಿಟಿಷ್ ಸರಕಾರ ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದನ್ನು ನಿಷೇಧಿಸುವ ಕಾಯ್ದೆಯೊಂದನ್ನು ತಂದಿತು. ಹದಿನೈದರ ಕೆಳಗಿನ ಮಗುವಿನ ದುಡಿಮೆಯನ್ನು ಒತ್ತೆಯಿಡುವ ಕರಾರು ಅದರ ಪ್ರಕಾರ ಅಸಿಂಧು. ಒತ್ತೆಯಿಟ್ಟ ತಂದೆತಾಯಿಗಳಿಗೆ 50 ರೂಪಾಯಿ, ದುಡಿಸಿಕೊಂಡ ಧಣಿಗೆ 200 ರೂಪಾಯಿಯವರೆಗೆ ದಂಡ. ಚನಿಯ ಗುರುವರ ವಯಸ್ಸನ್ನು ಈ ಕಾಯ್ದೆಯ ಅಳತೆಗೋಲಿನಲ್ಲಿ ಅಳೆಯಲು ಹೊರಡುವುದು ಅರಸಿಕತೆ. ಆದರೂ ಕಾಯ್ದೆಯನ್ನೂ ಕಾದಂಬರಿಯನ್ನೂ ಎದುರುಬದುರು ಇಟ್ಟಾಗ ಒಂದು ಸಂಗತಿ ಹೊಳೆಯುತ್ತದೆ: ಕಾಯ್ದೆಯು ತಂದೆಯನ್ನೂ ಧಣಿಯನ್ನೂ ತಪ್ಪಿತಸ್ಥರೆಂದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ, ಕಾರಂತರು ಹಾಗೆ ನಿಲ್ಲಿಸುವುದಿಲ್ಲ. ಚೋಮನಿಗೆ ಐವತ್ತು ರೂಪಾಯಿ ದಂಡ ಹಾಕಬಲ್ಲ ಕಾನೂನಿಗೆ ಅವನ ದುಡಿಯ ಸದ್ದು ಕೇಳಿಸದು. ಇದು ಕಾದಂಬರಿಯ ಹಿರಿಮೆ.

ಹಿರಿಮೆಯನ್ನು ಒಪ್ಪಿಕೊಂಡೂ ನಮ್ಮ ಅಳತೆಯನ್ನು ಬಿಡುವಂತಿಲ್ಲ. ಬೆಳ್ಳಿಯನ್ನುಳಿದು ಚೋಮನ ಮಕ್ಕಳು ಬಹುಮಟ್ಟಿಗೆ ನಿಮಿತ್ತವಾಗಿಯೇ ಉಳಿಯುತ್ತಾರೆ. ಕಾಫಿ ತೋಟದ ಚಳಿಯಲ್ಲಿ ಹುಡುಗನೊಬ್ಬನಿಗೆ ಮನೆಯ ನೆನಪು ಹೇಗೆ ಬಂದಿರಬಹುದು, ತಮ್ಮಂದಿರು ಗುಡಿಸಲಲ್ಲಿ ಯಾವ ಆಟ ಆಡುತ್ತಿದ್ದರು ಎಂಬಲ್ಲಿಗೆ ಕಾದಂಬರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂದೊಂದು ಸಾವೂ ಚೋಮನ ಬೆನ್ನಿನ ಮೇಲೆ ಇಟ್ಟ ಒಂದೊಂದು ಕಲ್ಲು. ಬಿ. ವಿ. ಕಾರಂತರು ಇದನ್ನು 1975ರಲ್ಲಿ ಚಿತ್ರವಾಗಿಸಿದರು. ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅಲ್ಲಿಯೂ ನಮ್ಮ ಕಣ್ಣು ಚೋಮನ ಮುಖವನ್ನು ಬಿಟ್ಟು ಕದಲುವುದಿಲ್ಲ.

ಇದೇ 1933ರಲ್ಲಿ ಹಿಂದಿಯಲ್ಲಿ ಪ್ರೇಮಚಂದರ ‘ಈದ್‌ಗಾಹ್’ ಕತೆ ಪ್ರಕಟವಾಯಿತು. ಹಿಂದಿ ಪಾಠಗಳ ಮೂಲಕ ನಮ್ಮಲ್ಲಿ ಹಲವರಿಗೆ ಅದು ಪರಿಚಿತ. ತಂದೆತಾಯಿಯಿಲ್ಲದ ಹಮೀದನಿಗೆ ಅಜ್ಜಿ ಅಮೀನಾ ಒಬ್ಬಳೇ ಆಸರೆ. ಹಬ್ಬದ ಸಂತೆಗೆ ಅವನ ಕೈಯಲ್ಲಿರುವುದು ಮೂರೇ ಪೈಸೆ. ಉಳಿದ ಹುಡುಗರು ಮಿಠಾಯಿ ತಿಂದರು, ಮಣ್ಣಿನ ಗೊಂಬೆ ಕೊಂಡರು. ಇವನು ಕೊಂಡದ್ದು ಒಂದು ಕಬ್ಬಿಣದ ಇಕ್ಕುಳ, ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ಸುಡಬಾರದೆಂದು. ಕತೆಯ ಈ ಭಾಗವನ್ನು ಹೇಳಿ ಮಕ್ಕಳಿಗೆ ತ್ಯಾಗದ ಪಾಠ ಮಾಡುವುದು ನಮ್ಮ ರೂಢಿ. ಹಾಗೆ ಮಾಡುವಾಗ ಕತೆಯ ಅರ್ಧವನ್ನು ಬಿಟ್ಟಂತಾಗುತ್ತದೆ. ಇಕ್ಕುಳ ಕೊಂಡ ಮೇಲೆ ಹಮೀದ ಸುಮ್ಮನಿರುವುದಿಲ್ಲ. ಹೆಗಲ ಮೇಲೆ ಅದನ್ನು ಕೋವಿಯಂತೆ ಏರಿಸಿಕೊಂಡು, ಗೆಳೆಯರ ಗೊಂಬೆಗಳೆಲ್ಲ ತನ್ನ ಇಕ್ಕುಳದ ಮುಂದೆ ಏನೂ ಅಲ್ಲವೆಂದು ವಾದಿಸಿ ಗೆಲ್ಲುತ್ತಾನೆ. ಈ ಜಂಬ, ಈ ವಾಕ್‌ಚಾತುರ್ಯ, ಇವೇ ಅವನನ್ನು ಪಾತ್ರವಾಗಿಸುವುದು. ತ್ಯಾಗಮೂರ್ತಿಯಾದ ಬಡಮಗು ಎಲ್ಲ ಭಾಷೆಗಳಲ್ಲೂ ಅಗ್ಗವಾಗಿ ಸಿಗುತ್ತದೆ. ಜಂಬದ ಬಡಮಗುವನ್ನು ಬರೆಯುವುದು ಕಷ್ಟ.

ನಮಗೆ ಇನ್ನೂ ಹತ್ತಿರದ ನಿದರ್ಶನ ಮಲಯಾಳದಲ್ಲಿದೆ. ಗಡಿನಾಡಿನವರು ಎರಡು ಸಾಹಿತ್ಯಗಳ ನಡುವೆ ಬಾಳುತ್ತಿದ್ದೇವೆ ಎಂದು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೇವೆ. ಆದರೆ ತೌಲನಿಕ ಅಧ್ಯಯನದ ಮಾತು ಬಂದಾಗ ಇಂಗ್ಲಿಷಿಗೆ ಓಡುತ್ತೇವೆ, ಪಕ್ಕದ ಮನೆಗೆ ಹೋಗುವುದಿಲ್ಲ. ತಕಳಿ ಶಿವಶಂಕರ ಪಿಳ್ಳೆಯವರ ‘ತೋಟ್ಟಿಯುಡೆ ಮಗನ್’ ಪ್ರಕಟವಾದುದು 1947ರಲ್ಲಿ, ದೇಶ ಸ್ವತಂತ್ರವಾದ ವರ್ಷದಲ್ಲಿ. ಆಲಪ್ಪುಳದ ಮಲ ಹೊರುವವರ ಮೂರು ತಲೆಮಾರಿನ ಕತೆ ಅದು. ಎರಡನೆಯ ತಲೆಮಾರಿನ ಚುಡಲಮುತ್ತು ತನ್ನ ಮಗ ಈ ಕೆಲಸಕ್ಕೆ ಬರಕೂಡದೆಂದು ಪಣತೊಟ್ಟು ಅವನಿಗೆ ಮೋಹನನ್ ಎಂದು ಹೆಸರಿಡುತ್ತಾನೆ. ಆ ಹೆಸರನ್ನು ಕೇಳಿ ಜನ ನಗುತ್ತಾರೆ. ಬಡವರ ಮಗುವಿಗೆ ಚಂದದ ಹೆಸರಿಡುವುದೂ ಅತಿಕ್ರಮಣವಾಗಿ ಕಾಣುವ ಸಮಾಜವನ್ನು ತೋರಿಸಲು ಆ ಒಂದು ನಗು ಸಾಕು. ಹಾಜರಿ ಪುಸ್ತಕದಲ್ಲಿ ದಿನವೂ ಹೆಸರು ಕೂಗುವ ನಮಗೆ ಇದು ಬೇಗ ಅರ್ಥವಾಗಬೇಕು. ಕೊನೆಗೆ ಅನಾಥನಾದ ಮೋಹನನ್ ಅದೇ ಕೆಲಸಕ್ಕೆ ಇಳಿಯುತ್ತಾನೆ. ಆದರೆ ತಲೆಯೆತ್ತಿ ನಿಂತು ಮುಷ್ಕರದ ಮುಂದಾಳಾಗುತ್ತಾನೆ.

ಮಕ್ಕಳು ಸ್ವಾತಂತ್ರ್ಯದ ಹೋರಾಟದೊಳಗೆ ಹೊಕ್ಕುದನ್ನು ಬರೆದ ಕನ್ನಡ ಕಾದಂಬರಿ ನಮ್ಮ ಜಿಲ್ಲೆಯದೇ ಎಂಬುದು ಹೆಮ್ಮೆಯ ಸಂಗತಿ. ನಿರಂಜನರು ನೀಲೇಶ್ವರದಲ್ಲಿ ವಿದ್ಯಾರ್ಥಿಯಾಗಿದ್ದವರು. ಕಯ್ಯೂರಿನ ರೈತರ ಸಮರವನ್ನು ‘ಚಿರಸ್ಮರಣೆ’ಯಾಗಿ 1955ರಲ್ಲಿ ಕನ್ನಡಕ್ಕೆ ಕೊಟ್ಟರು. 1941ರ ಮಾರ್ಚಿನ ಆ ಘಟನೆಗಾಗಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಕಾದಂಬರಿಯಲ್ಲಿ ಅಪ್ಪು, ಚಿರುಕಂಡ ಎಂಬ ಹುಡುಗರು ಹಳ್ಳಿಯ ಮಾಸ್ತರರೊಬ್ಬರ ಮಾತುಗಳನ್ನು ಕೇಳುತ್ತ ಬೆಳೆಯುತ್ತಾರೆ. ಶಿಕ್ಷಕನೊಬ್ಬ ಇಷ್ಟು ಜೀವಂತವಾಗಿ ಬಂದಿರುವ ಕನ್ನಡ ಕಾದಂಬರಿ ಇನ್ನೊಂದಿದ್ದರೆ ವಾಚಕರು ತಿಳಿಸಬೇಕು. ಹುಡುಗರು ಮಾಸ್ತರರ ಮುಂದೆ ಇರುವವರೆಗೆ ಪಾತ್ರಗಳಾಗಿದ್ದಾರೆ. ಹೋರಾಟ ಕಾವೇರಿದಂತೆ ಅವರು ಬೇಗಬೇಗನೆ ವೀರರಾಗಿಬಿಡುತ್ತಾರೆ. ವೀರನಾದವನಿಗೆ ಬಾಲ್ಯವನ್ನು ನೆನೆಯಲು ಲೇಖಕ ಬಿಡುವು ಕೊಡುವುದಿಲ್ಲ. ಕಯ್ಯೂರಿನ ಮೊಕದ್ದಮೆಯಲ್ಲಿ ಮರಣದಂಡನೆಯ ಅಂಚಿಗೆ ಬಂದ ಐದನೆಯವನೊಬ್ಬನಿದ್ದನು. ಪ್ರಾಯ ತುಂಬದವನೆಂಬ ಕಾರಣಕ್ಕೆ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಕೊರಳು ಉರುಳಿನಿಂದ ತಪ್ಪಿತು. ಸ್ವಾತಂತ್ರ್ಯ ಬಂದಾಗ ಉಳಿದುಕೊಂಡಿದ್ದ ಆ ಹುಡುಗನ ಕಣ್ಣಿನಿಂದ ಯಾರಾದರೂ ಈ ಕತೆಯನ್ನು ಇನ್ನೊಮ್ಮೆ ಬರೆದಿದ್ದರೆ ಅದು ಬೇರೊಂದೇ ಕೃತಿಯಾಗುತ್ತಿತ್ತು.

ಎಪ್ಪತ್ತರ ದಶಕದ ಬಳಿಕದ ದಲಿತ ಬಂಡಾಯ ಸಾಹಿತ್ಯದ ವಿಷಯವನ್ನು ಇಲ್ಲಿ ವಿಸ್ತರಿಸಲು ಹೋಗುವುದಿಲ್ಲ. ಅದರ ಮೇಲೆ ಬರವಣಿಗೆ ಸಾಕಷ್ಟಿದೆ. ನಲವತ್ತೇಳರ ಸ್ವಾತಂತ್ರ್ಯದ ವಿಳಾಸವನ್ನೇ ವಿಚಾರಿಸಿದ ಸಿದ್ಧಲಿಂಗಯ್ಯನವರ ಹಾಡು ಮೆರವಣಿಗೆಗಳಲ್ಲಿ ನಾಡೆಲ್ಲ ತಿರುಗಿತು. ಆ ಹಾಡಿಗೆ ಸಿಟ್ಟಿತ್ತು, ಸಿಟ್ಟಿಗೆ ಕಾರಣವೂ ಇತ್ತು. ಆದರೆ ನಮ್ಮ ಅಳತೆಗೆ ಹೆಚ್ಚು ಒದಗುವುದು ದೇವನೂರ ಮಹಾದೇವರ ‘ಅಮಾಸ’. ಅಮಾವಾಸ್ಯೆಯ ಹೆಸರು ಹೊತ್ತ ತಬ್ಬಲಿ ಹುಡುಗ, ಮಾರಿಗುಡಿಯಲ್ಲಿ ಅವನನ್ನು ಸಾಕುವ ಮುದುಕ ಕುರಿಯಯ್ಯ. ಕತೆಗಾರರು ಅವನ ಮೇಲೆ ಕನಿಕರ ಸುರಿಯುವುದಿಲ್ಲ. ಮಾರಿಹಬ್ಬದಲ್ಲಿ ಹುಲಿಯ ವೇಷ ಹಾಕಿ ಅವನು ಕುಣಿದಾಗ ಊರಿಗೆ ಊರೇ ಬೆರಗಾಗುತ್ತದೆ. ಹುಲಿವೇಷದ ನಾಡಿನವರಾದ ನಮಗೆ ಆ ಕುಣಿತದ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕೊರಗ ತನಿಯನಿಗೆ ಮೈರಕ್ಕೆ ಕೊಟ್ಟ ಬಟ್ಟೆಯನ್ನು ಅಮಾಸನಿಗೆ ಹುಲಿಯ ಬಣ್ಣ ಕೊಟ್ಟಿದೆ.

ಇನ್ನು ಬೀದಿಮಕ್ಕಳ ವಿಷಯ. ನಮ್ಮ ಪೈವಳಿಕೆಯಂತಹ ಊರುಗಳಲ್ಲಿ ಪಟ್ಟಣದ ಅರ್ಥದ ಬೀದಿಯಿಲ್ಲ. ಗುಡ್ಡಕ್ಕೊಂದು ಮನೆ, ತೋಟಕ್ಕೊಂದು ಮನೆ. ಆದ್ದರಿಂದ ಬೀದಿಮಕ್ಕಳ ಸಮಸ್ಯೆ ನಮ್ಮದಲ್ಲ ಎಂದು ತಿಳಿಯುವವರಿದ್ದಾರೆ. ವಾಸ್ತವದಲ್ಲಿ ನಮ್ಮ ಬೀದಿಮಗು ನಮ್ಮಲ್ಲಿರಲಿಲ್ಲ, ಊರು ಬಿಟ್ಟು ಹೋಗಿತ್ತು. ಕರಾವಳಿಯ ಹುಡುಗರು ಹತ್ತು ಹನ್ನೆರಡರ ಪ್ರಾಯದಲ್ಲಿ ಯಾರದೋ ಹಿಂದೆ ಹೊರಟು, ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗುವ ಮೊದಲಿನ ಆ ಕಾಲದಲ್ಲಿ, ಹಡಗಿನಲ್ಲೋ ಘಟ್ಟದ ಬಸ್ಸಿನಲ್ಲೋ ಮುಂಬಯಿ ಸೇರಿದರು. ಹೋಟೆಲುಗಳಲ್ಲಿ ತಟ್ಟೆ ತೊಳೆದರು, ಮೇಜು ಒರಸಿದರು, ರಾತ್ರಿ ಅದೇ ಮೇಜುಗಳ ಮೇಲೆ ಮಲಗಿದರು. ಅವರಿಗೆ ಹೆಸರು ‘ಮಾಣಿ’. ಈ ಶಬ್ದದ ಮೇಲೆ ಒಂದು ಪ್ರಬಂಧವನ್ನೇ ಬರೆಯಬಹುದು. ವಟುವಿಗೆ ಸಲ್ಲುವ ಹಳೆಯ ಶಬ್ದವದು. ಹವ್ಯಕರ ಮನೆಗಳಲ್ಲಿ ಇಂದಿಗೂ ಮುದ್ದಿನ ಗಂಡುಮಗ ಮಾಣಿಯೇ. ಹೋಟೆಲಿನಲ್ಲಿ ಅದೇ ಶಬ್ದ ಚಾಕರಿಯ ಹುಡುಗನ ಕರೆಯಾಯಿತು. ಅರವತ್ತಾದರೂ ಅವನು ಮಾಣಿಯಾಗಿಯೇ ಉಳಿದನು. ಬಾಲ್ಯವನ್ನು ಕಸಿದುಕೊಂಡು ಬಾಲ್ಯದ 
ಹೆಸರನ್ನು ಮಾತ್ರ ಜೀವಮಾನವಿಡೀ ಹೊರಿಸಿದ ಶಬ್ದ ಇನ್ನೊಂದು ಸಿಗಲಾರದು.

ಈ ಹುಡುಗರಿಗಾಗಿ ಕನ್ನಡಿಗರು ಮುಂಬಯಿಯಲ್ಲಿ ರಾತ್ರಿಶಾಲೆಗಳನ್ನು ಕಟ್ಟಿದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲೇ ಈ ಕೆಲಸಕ್ಕೆ ಕೈಯಿಕ್ಕಿದವು. ಹಗಲಿಡೀ ದುಡಿದ ಹುಡುಗ ರಾತ್ರಿ ಸ್ಲೇಟು ಹಿಡಿದು ಕುಳಿತು ಮುಂದೆ ಬ್ಯಾಂಕಿನ ನೌಕರನಾದ, ವಕೀಲನಾದ, ಹೋಟೆಲಿನ ಧಣಿಯೂ ಆದ. ಹೀಗೆ ಮೇಲೆ ಬಂದವರ ಅಭಿನಂದನ ಗ್ರಂಥಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಬಾಲ್ಯದ ಕಷ್ಟ ಒಂದು ಪುಟದಲ್ಲಿ ಮುಗಿಯುತ್ತದೆ, ಯಶಸ್ಸಿಗೆ ಮೆಟ್ಟಿಲಾಗಿ. ಮೇಲೆ ಬಾರದವರು ಗ್ರಂಥವಿಲ್ಲದೆ ಕಳೆದುಹೋದರು. ಮುಂಬಯಿಯ ಕನ್ನಡ ಸಾಹಿತ್ಯ ಹಿರಿದಾದುದು. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿಯವರು ಆ ನಗರದ ಒಳಗನ್ನು ಕನ್ನಡಕ್ಕೆ ತಂದರು. ಕಾಯ್ಕಿಣಿಯವರ ಕತೆಗಳಲ್ಲಿ ಮಹಾನಗರದ ಸಣ್ಣವರಿಗೆ ವಿಶೇಷ ಮರ್ಯಾದೆಯುಂಟು. ಆದರೆ ಕಾಸರಗೋಡು ತಾಲೂಕಿನಿಂದ ಹೊರಟ ಮಾಣಿ ತನ್ನ ಕತೆಯ ನಾಯಕನಾಗಿ ಊರಿಗೆ ಮರಳಿದುದನ್ನು ಈ ಲೇಖಕನು ಕಂಡಿಲ್ಲ. ಹೋಟೆಲು, ಚಹಾದಂಗಡಿ, ಮನೆಗೆಲಸಗಳಲ್ಲಿ ಹದಿನಾಲ್ಕರ ಕೆಳಗಿನವರನ್ನು ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಯಿತು. ಸಾಹಿತ್ಯ ಅವನನ್ನು ಗುರುತಿಸುವ ಮೊದಲೇ ಕಾನೂನು ಗುರುತಿಸಿತು ಎನ್ನಬೇಕು.

ಹುಡುಗರಾದರೂ ಊರು ಬಿಟ್ಟರು. ಹುಡುಗಿಯರು ಜಗಲಿಯಲ್ಲಿ ಉಳಿದರು, ಮಡಿಲಲ್ಲಿ ಬೀಡಿಯ ಸೂಪನ್ನಿಟ್ಟುಕೊಂಡು. ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ಬೀಡಿ ಎಷ್ಟು ಮನೆಗಳ ಒಲೆ ಉರಿಸಿದೆ ಎಂಬುದನ್ನು ಬಲ್ಲವರು ಬಲ್ಲರು. ಶಾಲೆಯಿಂದ ಬಂದ ಹುಡುಗಿ ತಾಯಿ ಸುತ್ತಿದ ಬೀಡಿಯ ಬಾಯಿ ಮಡಚುತ್ತಿದ್ದಳು. ಮರುದಿನ ಬ್ರಾಂಚಿಗೆ ಒಪ್ಪಿಸಬೇಕಾದ ಲೆಕ್ಕ ತುಂಬದಿದ್ದರೆ ಶಾಲೆ ತಪ್ಪುತ್ತಿತ್ತು. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿಯನ್ನು ನಿಷೇಧಿತ ಉದ್ಯೋಗಗಳ ಪಟ್ಟಿಯಲ್ಲಿ ಸೇರಿಸಿತು, ಆದರೆ ಮನೆಯವರೊಡನೆ ಸೇರಿ ಮಾಡುವ ದುಡಿಮೆಗೆ ವಿನಾಯಿತಿ ಕೊಟ್ಟಿತು. ನಮ್ಮ ಕಡೆಯ ಬೀಡಿಯೆಲ್ಲ ಆ ವಿನಾಯಿತಿಯೊಳಗೇ ಬಂತು. ಈ ಹುಡುಗಿಯ ಬದುಕಿಗೆ ಹತ್ತಿರ ಬಂದವರು ಸಾರಾ ಅಬೂಬಕ್ಕರ್. ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾ ಎಳೆಯ ಪ್ರಾಯದಲ್ಲೇ ಮದುವೆಯಾಗಿ, ಎಳೆಯ ಪ್ರಾಯದಲ್ಲೇ ತಾಯಿಯಾಗಿ, ತಂದೆಯ ಹಟಕ್ಕೆ ಸಿಲುಕಿ ಮಗುವನ್ನು ಬಿಟ್ಟಿರಬೇಕಾದವಳು. ವಿಮರ್ಶಕರು ಅವಳನ್ನು ಸ್ತ್ರೀ ಎಂದು ಚರ್ಚಿಸಿದ್ದಾರೆ. ಅವಳು ಇನ್ನೂ ಹುಡುಗಿ ಎಂಬುದು ಚರ್ಚೆಯಲ್ಲಿ ಜಾರಿಹೋಗಿದೆ.

ಈಗ ನಮ್ಮ ಮನೆಯ ಮಾತಿಗೆ ಬರಬೇಕು. ಗಡಿನಾಡಿನ ಸ್ಮರಣಸಂಚಿಕೆಗಳನ್ನು ತೆರೆದು ನೋಡಿ. 1956ರ ನವೆಂಬರ್ 1ರ ಅನ್ಯಾಯ, ಮಹಾಜನ ಆಯೋಗದ ವರದಿ, ಕನ್ನಡ ಶಾಲೆಗಳ ಅಳಿವು ಉಳಿವು, ಇವುಗಳ ಮೇಲೆ ಸಾಧಾರವಾದ ಲೇಖನಗಳಿರುತ್ತವೆ, ಇರಲೇಬೇಕು. ಅವುಗಳಲ್ಲಿ ಮಗುವಿನ ಪ್ರಸ್ತಾಪ ಬಾರದೆ ಇಲ್ಲ. ಆದರೆ ಬರುವುದು ಸಂಖ್ಯೆಯಾಗಿ: ಈ ವರ್ಷ ಒಂದನೆಯ ತರಗತಿಗೆ ಇಷ್ಟು, ಹೋದ ವರ್ಷ ಅಷ್ಟು. ಮಗು ಕನ್ನಡವನ್ನು ಉಳಿಸಬೇಕು, ಡಿವಿಷನ್ ಉಳಿಸಬೇಕು, ಹುದ್ದೆ ಉಳಿಸಬೇಕು. ಚೋಮನ ಸಾಲ ತೀರಿಸಲು ಹೋದ ಮಕ್ಕಳಿಗೂ ಭಾಷೆಯ ಸಾಲ ತೀರಿಸಲು ನಾವು ಕರೆತರುವ ಮಕ್ಕಳಿಗೂ ಹೋಲಿಕೆ ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಹೋಲಿಕೆ ಪೂರ್ತಿ ಸಲ್ಲದು, ನಿಜ. ಶಾಲೆ ಕಾಫಿ ತೋಟವಲ್ಲ. ಆದರೂ ಬರವಣಿಗೆಯ ಮಟ್ಟಿಗೆ ಎರಡೂ ಕಡೆ ಮಗು ನಿಮಿತ್ತವೇ. ಮಧ್ಯಾಹ್ನದ ಊಟವನ್ನೇ ನೋಡಿ. ಕೇರಳದ ಶಾಲೆಗಳಲ್ಲಿ 1984ರಿಂದ ಸರಕಾರದ ಯೋಜನೆಯಾಗಿ ಬೇಯುತ್ತ ಬಂದ ಗಂಜಿ, ಹೆಸರುಕಾಳುಗಳ ಮುಂದೆ ಸಾಲಾಗಿ ಕುಳಿತ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಸೋಮವಾರ ಯಾರು ಎರಡು ಸಲ ಬಡಿಸಿಕೊಳ್ಳುತ್ತಾರೆ, ಏಕೆ ಎಂಬುದು ಶಿಕ್ಷಕರಿಗೆ ಗೊತ್ತು. ನಮ್ಮ ಬರವಣಿಗೆಗೆ ಅದು ಗೊತ್ತಿಲ್ಲ.

2025ರ ನವೆಂಬರ್ 1ರಂದು ಕೇರಳ ಸರಕಾರ ರಾಜ್ಯವು ಅತಿದಾರಿದ್ರ್ಯದಿಂದ ಮುಕ್ತವಾಯಿತೆಂದು ಘೋಷಿಸಿತು. 64,006 ಕುಟುಂಬಗಳನ್ನು ಗುರುತಿಸಿ ಒಂದೊಂದಕ್ಕೂ ಬೇಕಾದುದನ್ನು ಬೇರೆಬೇರೆಯಾಗಿ ಯೋಜಿಸಿದ ಆ ಕಾರ್ಯವನ್ನು ಹಗುರವಾಗಿ ಕಾಣಬಾರದು. ಅಲ್ಲಿ ಪ್ರತಿ ಕುಟುಂಬಕ್ಕೂ ಒಂದು ಕತೆಯಿದೆ ಎಂಬುದನ್ನು ಆಡಳಿತ ಒಪ್ಪಿಕೊಂಡಿತು. ಅದರ ಪಟ್ಟಿಗೆ ಸೇರುವುದು ಕಷ್ಟವಾದ ಮಕ್ಕಳೂ ನಮ್ಮ ನಡುವೆ ಇದ್ದಾರೆ. ಮಂಜೇಶ್ವರ ತಾಲೂಕಿನ ಕೆಂಪುಕಲ್ಲಿನ ಕೋರೆಗಳಿಗೆ ಉತ್ತರ ಕರ್ನಾಟಕದಿಂದಲೂ ಇನ್ನೂ ದೂರದ ರಾಜ್ಯಗಳಿಂದಲೂ ಕೂಲಿಗೆ ಬರುವವರ ಜೊತೆ ಮಕ್ಕಳೂ ಬರುತ್ತಾರೆ. ವಿನೋದವೆಂದರೆ, ಬಾಗಲಕೋಟೆ, ಗದಗಗಳ ಕಡೆಯಿಂದ ಬಂದ ಮಗು ನಮ್ಮ ಕನ್ನಡ ಶಾಲೆಯ ಒಂದನೆಯ ತರಗತಿಯಲ್ಲಿ ಕುಳಿತರೆ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ ಮಾತಿನ ಮನೆಗಳಿಂದ ಬಂದ ಮಕ್ಕಳ ನಡುವೆ ತಾಯಿಯಿಂದ ಕನ್ನಡ ಕಲಿತು ಬಂದವನು ಅವನೊಬ್ಬನೇ ಆಗಿರಬಹುದು. ಅವನ ಕನ್ನಡವನ್ನು ನಾವು ತಿದ್ದಲು ತೊಡಗುತ್ತೇವೆ. ಗೋವಿಂದ ಪೈಗಳ ಊರಿನ ಕನ್ನಡಾಭಿಮಾನಕ್ಕೆ ಇದಕ್ಕಿಂತ ಒಳ್ಳೆಯ ಕಥಾವಸ್ತು ಬೇರೆ ಬೇಕೆ?

ಆ ಕತೆಯನ್ನು ಬರೆಯಲು ಹೊರಡುವವರು ಒಂದು ವಿವರವನ್ನು ಮರೆಯದಿದ್ದರೆ ಸಾಕು. ಕೋರೆಯಲ್ಲಿ ನೀರು ನಿಂತು ಕೆಲಸ ನಿಲ್ಲುವುದು ಮಳೆಗಾಲಕ್ಕೆ, ಆಗ ಕೂಲಿಯವರು ಗಂಟುಮೂಟೆ ಕಟ್ಟಿ ಊರಿಗೆ ಮರಳುತ್ತಾರೆ. ನಮ್ಮ ಶಾಲೆ ತೆರೆಯುವುದು ಜೂನಿನಲ್ಲಿ.